ಮೊದಲು ಬ್ಯಾಕಪ್ ತೆರೆದು ನೋಡಿ, ಕ್ಲೌಡ್ ಮಾತು ಆಮೇಲೆ

ಹದಿನೈದು ಮಂದಿಯ ಕಚೇರಿಗೆ ವಿಪತ್ತು ಚೇತರಿಕೆ ಯೋಜನೆಯನ್ನು, ಅಂದರೆ ಕಂಪ್ಯೂಟರ್ ಕೆಟ್ಟಾಗ ಕಡತಗಳನ್ನೂ ಕೆಲಸವನ್ನೂ ಮರಳಿ ಪಡೆಯುವ ಯೋಜನೆಯನ್ನು, ಎಲ್ಲಿಂದ ಆರಂಭಿಸಲಿ, ಯಾವ ಕ್ಲೌಡ್ ಸೇವೆ ಕೊಳ್ಳಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಾನು ಕೊಂಡಿದ್ದೆ, ಅದು ನನ್ನನ್ನು ಉಳಿಸಲಿಲ್ಲ.

ಕಾಸರಗೋಡಿನ ಬದಿಯಡ್ಕದ ಕಡೆ ನಮ್ಮದು ಅಡಿಕೆ ವ್ಯಾಪಾರ. ಕೃಷಿಕರಲ್ಲಿ ಅಡಿಕೆ ಹಾಕಿ ಕೂಡಲೇ ಹಣ ಒಯ್ಯುವವರು ಕೆಲವರು. ಗೊಬ್ಬರಕ್ಕೋ ಮಗಳ ಮದುವೆಗೋ ಬೇಕಾದಾಗ ಬರುತ್ತೇನೆಂದು ನಮ್ಮಲ್ಲೇ ಬಿಡುವವರು ಹೆಚ್ಚು. ಆ ಬಾಕಿಯ ಲೆಕ್ಕವೇ ಅಂಗಡಿಯ ಜೀವ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಂಜೆ ಸಿಡಿಲು ಬಡಿಯಿತು. ಮೈನ್ ಸ್ವಿಚ್ ಆರಿಸಿದ್ದೆವು. ಆದರೆ ಅದು ದೂರವಾಣಿ ತಂತಿಯಿಂದ ಮೋಡೆಮ್‌ಗೆ, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಸರ್ವರಿಗೆ ನುಗ್ಗಿತು. ಮದರ್‌ಬೋರ್ಡೂ ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ನಾನು ಹೆದರಲಿಲ್ಲ. ಪ್ರತಿ ಸಂಜೆ ಬ್ಯಾಕಪ್ ಕ್ಲೌಡಿಗೆ ಹೋಗುತ್ತಿತ್ತು, ‘ಯಶಸ್ವಿ’ ಎಂಬ ಸಂದೇಶ ಮೊಬೈಲಿಗೆ ಬರುತ್ತಿತ್ತು.

ಹೊಸ ಕಂಪ್ಯೂಟರಿಗೆ ಇಳಿಸಿ ತೆರೆದರೆ ಲೆಕ್ಕ ಹಿಂದಿನ ಮಾರ್ಚಿಗೇ ನಿಂತಿತ್ತು.

ಏನಾಗಿತ್ತೆಂದರೆ, ಹೊಸ ಹಣಕಾಸು ವರ್ಷಕ್ಕೆಂದು ಲೆಕ್ಕದ ತಂತ್ರಾಂಶದ ಹೊಸ ಆವೃತ್ತಿ ಹಾಕಿಸಿದ್ದೆವು. ಅದು ದತ್ತಾಂಶವನ್ನು ಬೇರೊಂದು ಫೋಲ್ಡರಿನಲ್ಲಿ ಇಡತೊಡಗಿತು. ಬ್ಯಾಕಪ್ ವ್ಯವಸ್ಥೆಯಲ್ಲಿ ಆ ದಾರಿಯನ್ನು ಬದಲಾಯಿಸಬೇಕಿತ್ತು, ಬದಲಾಯಿಸಲಿಲ್ಲ. ಹೀಗಾಗಿ ಅದು ಯಾರೂ ಮುಟ್ಟದ ಹಳೆಯ ಫೋಲ್ಡರನ್ನೇ ದಿನವೂ ನಕಲು ಮಾಡುತ್ತಿತ್ತು. ನಕಲು ಆಗಿತ್ತು, ಆದ್ದರಿಂದ ಯಶಸ್ವಿ ಎಂದಿತು. ಅದೇ ಸಂದೇಶದ ಎರಡನೆಯ ಸಾಲಿನಲ್ಲಿ ಫೈಲಿನ ಗಾತ್ರವೂ ಇರುತ್ತಿತ್ತು: 412 ಎಂಬಿ. ಏಪ್ರಿಲ್‌ನಲ್ಲೂ 412, ಓಣಂ ಕಳೆದ ಮೇಲೂ 412. ದಿನವೂ ಬಿಲ್ಲು ಸೇರುವ ಲೆಕ್ಕದ ಫೈಲು ಬೆಳೆಯಲೇಬೇಕು. ನಾನು ಮೊದಲ ಸಾಲನ್ನಷ್ಟೇ ಓದಿ ಸಂದೇಶ ಅಳಿಸುತ್ತಿದ್ದೆ. ಎರಡನೆಯ ಸಾಲಿಗೆ ಒಮ್ಮೆ ಕಣ್ಣು ಹಾಯಿಸಿದ್ದರೂ ಸಾಕಿತ್ತು.

ಮಾರಾಟದ ಲೆಕ್ಕ ಜಿಎಸ್‌ಟಿ ರಿಟರ್ನ್‌ಗಳಿಂದ, ಪಾವತಿಯ ಲೆಕ್ಕ ಬ್ಯಾಂಕಿನಿಂದ ಮರಳಿ ಸಿಕ್ಕಿತು. ನೋಂದಣಿ ಇಲ್ಲದ ಕೃಷಿಕರಿಂದ ಕೊಂಡದ್ದು ಯಾವ ಪೋರ್ಟಲಿನಲ್ಲೂ ಇರುವುದಿಲ್ಲ. ತೂಕದ ಚೀಟಿಗಳ ಕಾರ್ಬನ್ ಪ್ರತಿ ಹರಡಿಕೊಂಡು, ಪಟೋರ, ಕೋಕ ಎಂದು ಅಡಿಕೆಯ ದರ್ಜೆ ಗೀಚಿದ್ದನ್ನು ಓದಿ ಓದಿ ತುಂಬಿಸಿದೆವು. ಮಳೆಗಾಲದ ತೇವಕ್ಕೆ ಹಲವು ಮಾಸಿದ್ದವು. ಅಂಥಲ್ಲಿ ಕೃಷಿಕರು ಹೇಳಿದ ಅಂಕಿಯನ್ನೇ ಒಪ್ಪಿದೆವು; ಅದು ಅವರ ಹಣ.

ದೊಡ್ಡ ಸಂಸ್ಥೆಗಳೂ ಇಲ್ಲೇ ಎಡವಿವೆ. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಜಾಲತಾಣದಲ್ಲಿ ಮುಖ್ಯ ದತ್ತಸಂಚಯ ಕೈತಪ್ಪಿ ಅಳಿಸಿಹೋಯಿತು. ನೋಡಿದರೆ ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿ ದತ್ತಸಂಚಯದ ಆವೃತ್ತಿಗೆ ಹೊಂದದೆ, ದೈನಂದಿನ ಬ್ಯಾಕಪ್ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಕೈಹಿಡಿದದ್ದು ಸುಮಾರು 6 ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ತಿರುಗಿಸುತ್ತೇನೆ: ಯೋಜನೆ ಬರೆಯುವುದು ಆರಂಭವಲ್ಲ, ಮರಳಿ ಪಡೆಯುವುದೇ ಆರಂಭ. ಈ ವಾರವೇ ಒಂದು ಖಾಲಿ ಕಂಪ್ಯೂಟರಿಗೆ ಬ್ಯಾಕಪ್ ಇಳಿಸಿ, ನಿನ್ನೆಯ ಕೊನೆಯ ಬಿಲ್ಲನ್ನು ಹುಡುಕಿ. ಸಿಕ್ಕ ಬಿಲ್ಲು ಎಷ್ಟು ಹಳೆಯದೋ ಅಷ್ಟು ಕೆಲಸ ನೀವು ಕಳೆದುಕೊಳ್ಳುತ್ತೀರಿ. ತೆರೆಯಲು ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಹೊತ್ತು ಕಚೇರಿ ನಿಂತಿರುತ್ತದೆ. ಸಲಹೆಗಾರರು ಆರ್‌ಪಿಒ (ಎಷ್ಟು ಹೊತ್ತಿನ ಕೆಲಸ ಕಳೆದರೆ ತಾಳಬಹುದು), ಆರ್‌ಟಿಒ (ಎಷ್ಟು ಹೊತ್ತು ನಿಂತರೆ ತಾಳಬಹುದು) ಎಂದು ಊಹೆಯಿಂದ ತುಂಬಿಸುವ ಎರಡು ಖಾನೆಗಳು ಇವೇ. ನಿಜವಾದ ಅಂಕಿ ಕೈಯಲ್ಲಿದ್ದರೆ ಯಾವ ಸೇವೆ ಬೇಕೆಂದು ನಿಮಗೇ ಗೊತ್ತಾಗುತ್ತದೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಕಚೇರಿಯಿಂದ ಹೊರಗೆ ಬೇರೆ ಕಡೆ ಎಂಬ ನಿಯಮ ಸಾಕು. ಒಂದು ಪ್ರತಿ ಕಂಪ್ಯೂಟರಿನಿಂದ ಕಳಚಿಟ್ಟಿರಲಿ. ಸದಾ ಸಿಕ್ಕಿಸಿಟ್ಟ ಡಿಸ್ಕನ್ನು ಸಿಡಿಲೂ ಬಿಡುವುದಿಲ್ಲ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರೂ ಬಿಡುವುದಿಲ್ಲ. ತಂತ್ರಾಂಶ ಬದಲಾದ ದಿನವೇ ಮತ್ತೊಮ್ಮೆ ಮರಳಿ ಪಡೆದು ನೋಡಿ. ಕ್ರಮವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಪಾಸ್‌ವರ್ಡ್ ಮಾತ್ರ ಬೀಗದೊಳಗಿರಲಿ. ನಮ್ಮಲ್ಲಿ ಅದು ಕನ್ನಡದಲ್ಲೂ ಮಲಯಾಳದಲ್ಲೂ ಇದೆ, ಸಂಜೆ ಕೂರುವ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಈ ಸಲ ಇಳಿಸಿ ನೋಡಿದವನು ಅವನೇ, ನಾನು ಊರಿನಲ್ಲಿರಲಿಲ್ಲ.