ಆನೆಯನ್ನು ಸಾಲಿನಲ್ಲಿ ನಿಲ್ಲಿಸಬೇಡಿ

ನಮಸ್ಕಾರ. ನಿಮ್ಮ 'ಕಾಂಡಕೋಶಗಳ ಪವಾಡ' ಲೇಖನ ಓದಿದೆ. (ಕಾಂಡಕೋಶ ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ.) ಭಾಷೆ ಸಲೀಸಾಗಿದೆ, ವಿಷಯ ಚೆನ್ನಾಗಿದೆ. ಇನ್ನು ಜಗಳಕ್ಕೆ ಬರೋಣ.

ಮೂರನೇ ಪ್ಯಾರಾದಲ್ಲಿ ಹೀಗೆ ಬರೆದಿದ್ದೀರಿ: "ಇಲಿ, ಹಂದಿ, ಕುದುರೆ, ಆನೆ, ಘೇಂಡಾಮೃಗ ಇತ್ಯಾದಿ ಪ್ರಾಣಿಗಳ ಚರ್ಮದ ಕೋಶಗಳನ್ನು ಸುಲಭವಾಗಿ ಕಾಂಡಕೋಶಗಳನ್ನಾಗಿ ಬದಲಾಯಿಸಬಹುದು."

'ಸುಲಭವಾಗಿ' ಎಂಬಲ್ಲಿ ನನಗೆ ಸಿಟ್ಟು ಬಂತು. ಇಲಿಯಲ್ಲೇ ನೋಡಿ. ಅದರ ಕೋಶವನ್ನು ಕಾಂಡಕೋಶವಾಗಿ ಬದಲಾಯಿಸಲು ಜಪಾನಿನ ವಿಜ್ಞಾನಿಗಳಾದ ಯಮನಾಕಾ ಮತ್ತು ತಕಾಹಾಶಿ 24 ಜೀನ್‌ಗಳಿಂದ ಶುರು ಮಾಡಿ, ಒಂದೊಂದನ್ನೇ ಬಿಟ್ಟು ನೋಡುತ್ತಾ 4ಕ್ಕೆ ಇಳಿದರು. ಅದು 2006. ಆನೆಯ ಕೋಶವನ್ನೂ ಹೀಗೆ ಬದಲಾಯಿಸಿದೆವು ಎಂದು ಅಮೆರಿಕದ ಜೈವಿಕ ತಂತ್ರಜ್ಞಾನ ಕಂಪನಿ ಕೊಲೋಸಲ್ ಹೇಳಿದ್ದು 2024ರಲ್ಲಿ. ಅಷ್ಟು ತಡ ಯಾಕಾಯಿತು? ಕ್ಯಾನ್ಸರ್ ತಡೆಯುವ ಪಿ53 ಜೀನ್‌ಗೆ ಆನೆಯಲ್ಲಿ ಸುಮಾರು 20 ನಕಲುಗಳಿವೆ. ಕೋಶವನ್ನು ಕೆಣಕಿದರೆ ಸಾಕು, ಈ ಕಾವಲು ಎಚ್ಚರಗೊಳ್ಳುತ್ತದೆ. ಕೋಶ ಬೆಳೆಯುವುದನ್ನೇ ನಿಲ್ಲಿಸುತ್ತದೆ, ಇಲ್ಲವೇ ಸಾಯುತ್ತದೆ. ಇಷ್ಟು ಒಳ್ಳೆಯ ಕಥೆಯನ್ನು ಎರಡು ಅಲ್ಪವಿರಾಮಗಳ ನಡುವೆ ಸಿಕ್ಕಿಸಿಬಿಟ್ಟಿರಲ್ಲ!

ಆಮೇಲೆ 'ಇತ್ಯಾದಿ'. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ವರದಿಯಲ್ಲಿ ಈ ಪದ ಹಾಕಿದ್ದೆ. ಹಿರಿಯ ಸಂಪಾದಕರು ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು, "ಇನ್ನೊಂದು ಹೆಸರು ಹೇಳಿ, ಬಿಡ್ತೀನಿ" ಅಂದರು. ನನಗೆ ಒಂದೂ ಹೊಳೆಯಲಿಲ್ಲ. ಸುಮ್ನೆ ನಿಂತಿದ್ದೆ. ಆ ವೃತ್ತ ಈಗಲೂ ಕಣ್ಣ ಮುಂದಿದೆ. ನಿಮಗೆ ಹೊಳೆಯುತ್ತಾ? ಹಿಮಚಿರತೆ ಇದೆ. 2012ರಲ್ಲಿ ಅದರ ಕೋಶಗಳನ್ನೂ ಬದಲಾಯಿಸಿದ್ದಾರೆ.

ಕೊನೆಯ ವಾಕ್ಯ: "ಘೇಂಡಾಮೃಗ ಶೀಘ್ರದಲ್ಲೇ ಮರುಹುಟ್ಟು ಪಡೆಯಲಿದೆ." ಯಾವ ಘೇಂಡಾಮೃಗ? ಉತ್ತರದ ಬಿಳಿ ಘೇಂಡಾಮೃಗ ಅಂತ ಬರೆಯಿರಿ. ಕೊನೆಯ ಗಂಡು, ಸುಡಾನ್, 2018ರಲ್ಲಿ ಸತ್ತಿತು. ಉಳಿದಿರುವುದು ಕೀನ್ಯಾದಲ್ಲಿರುವ ತಾಯಿ ನಾಜಿನ್, ಮಗಳು ಫಾತು. ಫಾತುವಿನ ಚರ್ಮದ ಕೋಶಗಳನ್ನು ಕಾಂಡಕೋಶವಾಗಿ ಬದಲಾಯಿಸಿದ್ದು 2011ರಲ್ಲಿ. ಅದಕ್ಕೆ ಬಳಸಿದ್ದು ಮನುಷ್ಯರ ಜೀನ್‌ಗಳನ್ನು! ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. 2022ರಲ್ಲಿ ಇಂಥ ಕಾಂಡಕೋಶಗಳಿಂದ ಅಂಡಾಣು, ವೀರ್ಯಾಣುಗಳಿಗೆ ಮೂಲವಾಗುವ ಕೋಶಗಳನ್ನು ಬೆಳೆಸಿದರು. ಅಂದರೆ ಇನ್ನೂ ಅಂಡಾಣುವೇ ಅಲ್ಲ, ಅದರ ಹಿಂದಿನ ಮೆಟ್ಟಿಲು. ಅಲ್ಲಿಂದ ಮರಿಯವರೆಗೆ ಎಷ್ಟು ದೂರ! 'ಶೀಘ್ರದಲ್ಲೇ' ತೆಗೆಯಿರಿ.

ಹಂದಿ, ಕುದುರೆ ಎರಡನ್ನೂ ಸದ್ಯಕ್ಕೆ ಬಿಡಿ. ಆನೆ, ಘೇಂಡಾಮೃಗ ಇಷ್ಟನ್ನೇ ಇಟ್ಟುಕೊಂಡು ಮತ್ತೆ ಬರೆದು ಕಳಿಸಿ. ಶೀರ್ಷಿಕೆಯ 'ಪವಾಡ'ವನ್ನು ನಾನೇ ಹೊಡೆದು ಹಾಕಿದ್ದೇನೆ.