ಕಾಸರಗೋಡಿನ ಕಚೇರಿಗಳಲ್ಲಿ ಕನ್ನಡದ ಅರ್ಜಿ

ಕಾಸರಗೋಡಿನ ಸರ್ಕಾರಿ ಕಚೇರಿಗಳಲ್ಲಿ ಕನ್ನಡದ ಅರ್ಜಿ ನಡೆಯುತ್ತದಾ ಎಂದು ಕೇಳಿದ್ದೀರಿ. ನಡೆಯಲೇಬೇಕು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಆ ರಾಜ್ಯದ 1969ರ ಆಡಳಿತ ಭಾಷಾ ಕಾಯ್ದೆ ಪ್ರಕಾರ ಇಲ್ಲಿನ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ಕೆಲಸ ಸಲೀಸಾಗಿ ಆಗುವುದು ಮೇಜಿನ ಆಚೆ ಕೂತವರ ಮನಸ್ಸು ನೋಡಿಕೊಂಡು.

ವಿಲೇಜ್ ಆಫೀಸನ್ನೇ ತಗೊಳ್ಳಿ. ತೀರುವೆ, ಅಂದರೆ ಭೂಕಂದಾಯ ಕಟ್ಟುವುದು, ಆದಾಯದ ಸರ್ಟಿಫಿಕೇಟ್ ಎಲ್ಲ ಅಲ್ಲೇ. 'ಮಲಯಾಳದಲ್ಲಿ ಬರೆದುಕೊಂಡು ಬನ್ನಿ' ಎಂದು ಒಬ್ಬರು ಸುಮ್ನೆ ಹೇಳಿಬಿಟ್ಟರೆ, ಕೂಲಿಗೆ ಹೋಗುವವರ ಒಂದು ದಿನ ಹೋಯಿತು. ಬರೆದುಕೊಡುವವರನ್ನು ಹುಡುಕಬೇಕು. ತನಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಕು. ನನಗೆ ಜಾಸ್ತಿ ಸಂಕಟವಾಗುವುದು ಇದಕ್ಕೇ.

ಹೆಸರಿನ ಗೋಳು ಬೇರೆ. ಅವಸರದಲ್ಲಿ ಬರೆಯುವವರ ಕೈಯಲ್ಲಿ ನಾರಾಯಣ ಎನ್ನುವವರು ನಾರಾಯಣನ್ ಆಗುತ್ತಾರೆ. ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಆಮೇಲೆ ಎರಡೂ ಹೆಸರು ಒಬ್ಬರದ್ದೇ ಎನ್ನುವ ಸರ್ಟಿಫಿಕೇಟ್ ಬೇಕು. ಅದಕ್ಕೂ ವಿಲೇಜ್ ಆಫೀಸಿಗೇ ಹೋಗಬೇಕು!

ಮಲಯಾಳಿಗಳು ಕೆಟ್ಟವರು, ಕನ್ನಡ ಬಂದರೆ ಸಾಕು ಅಂತ ತಿಳಿಯಬೇಡಿ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳ ಲೋಕಸೇವಾ ಆಯೋಗ (ಪಿಎಸ್‌ಸಿ) ಇಲ್ಲಿ ಕ್ಲಾರ್ಕ್ ಹುದ್ದೆ ತುಂಬುತ್ತದೆ. ಹಾಗೆ ಬಂದವರಲ್ಲೂ ಮುಖ ಎತ್ತದೆ 'ನಾಳೆ ಬನ್ನಿ' ಎನ್ನುವವರಿದ್ದಾರೆ. ತೆಂಕಣ ಜಿಲ್ಲೆಯಿಂದ ಬಂದ ಒಬ್ಬ ಅಧಿಕಾರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಅವರು ಕನ್ನಡ ಬಲ್ಲ ಸಿಬ್ಬಂದಿಯನ್ನು ಪಕ್ಕಕ್ಕೆ ಕರೆದು, ಬಂದವರನ್ನು ಕೂರಿಸಿ, ಹೆಸರು ಜೋರಾಗಿ ಓದಿಸಿ, 'ಸರಿಯಾ?' ಅಂತ ಕೇಳಿಯೇ ಸಹಿ ಹಾಕುತ್ತಿದ್ದರು. ಅವರಿದ್ದಾಗ ಜನ ಒಂದೇ ಸಲ ಹೋಗಿ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಅದೇ ಕಟ್ಟಡ, ಅದೇ ಫಾರಂ, ಅಲ್ವಾ?

ಊರು ದೂರ, ಯಾವಾಗ ವರ್ಗ ಆಗುತ್ತದೋ ಎಂದು ದಿನ ಎಣಿಸುವವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಆದರೆ ಅದರ ಬಿಸಿ ತಟ್ಟುವುದು ಸಾಲಿನಲ್ಲಿ ನಿಂತ ಮುದುಕರಿಗೆ. 2012ರ ಸೇವಾ ಹಕ್ಕು ಕಾಯ್ದೆ ಬಂದ ಮೇಲೆ ತಡ ಮಾಡಿದ ಅಧಿಕಾರಿಗೆ ದಂಡ ಹಾಕಲು ದಾರಿಯಿದೆ. ಅರ್ಜಿ ತೆಗೆದುಕೊಳ್ಳದೆ ಬಾಯಿಮಾತಲ್ಲೇ ವಾಪಸ್ ಕಳಿಸಿದರೆ ಮಾತ್ರ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೇ ನೀವು ಇಲ್ಲಿ ಜಮೀನಿನ ಕೆಲಸಕ್ಕೆ ಬಂದರೆ, ಕನ್ನಡದಲ್ಲೇ ಅರ್ಜಿ ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.