ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ?

ಸಿಂಧನೂರಿನ ಓದುಗರು: ನಮ್ಮ ಯಜಮಾನರು ಹನ್ನೆರಡು ವರ್ಷದಿಂದ ಕುಡಿಯುತ್ತಾರೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು. ಒಂದು ವ್ಯಸನಮುಕ್ತಿ ಕೇಂದ್ರದವರು "ಮೂರು ತಿಂಗಳು ಬಿಡಿ, ನೋಡೋಕೆ ಬರಬೇಡಿ, ಪೂರ್ತಿ ಸರಿ ಮಾಡಿ ಕಳಿಸ್ತೀವಿ" ಅಂತಾರೆ. ಸೇರಿಸಲಾ? ಇಲ್ಲ, ಮನೆಯಲ್ಲೇ ಒಂದು ವಾರ ಕೂಡಿ ಹಾಕಿದರೆ ಸಾಕಾ?

ಅಕ್ಕಾ, ಕೂಡಿ ಮಾತ್ರ ಹಾಕಬೇಡಿ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತೆ, ಪ್ರತಿ ಸಲ ನನಗೆ ಭಯ ಆಗುತ್ತೆ. ಬೆಳಿಗ್ಗೆಯೇ ಬೇಕು ಅನ್ನುವವರು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈ ನಡುಗುತ್ತೆ, ಹಿಡಿದ ಕಪ್ಪು ಬಸಿ ಕಟಕಟ ಅನ್ನುತ್ತೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಕದಡುತ್ತೆ. ಹಾಸಿಗೆ ಮೇಲೆ ಇಲ್ಲದ ಇರುವೆಗಳನ್ನು ಒಂದೊಂದೇ ಹೆಕ್ಕಿ ಕೆಳಗೆ ಹಾಕುತ್ತಿದ್ದ ಒಬ್ಬ ಹಮಾಲರನ್ನು ನಾನು ನೋಡಿದ್ದೇನೆ, ಮನೆಯವರು ಗಾಳಿ ಸೋಕಿದೆ ಅಂತ ಎರಡು ದಿನ ತಾಯತ ಕಟ್ಟಿಸುತ್ತಾ ತಿರುಗಿ ಆಮೇಲೆ ಕರೆತಂದಿದ್ದರು. ಇದು ಜೀವ ತೆಗೆಯುವ ಸ್ಥಿತಿ. ಊರ ಆರ್‌ಎಂಪಿ (ಡಿಗ್ರಿ ಇಲ್ಲದ ವೈದ್ಯ) ಹತ್ತಿರ ಸುಮ್ನೆ ಗ್ಲೂಕೋಸ್ ಹಚ್ಚಿಸಲೂಬೇಡಿ. ಬಿ1 ವಿಟಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು.

ಹಾಗಾಗಿ ಮೊದಲ ವಾರ ದವಾಖಾನೆ. ನಿಮಗೆ ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಮಾನಸಿಕ ರೋಗ ವಿಭಾಗಕ್ಕೆ ಹೋಗಿ. ಅಲ್ಲಿಯವರೆಗೆ ನೀವಾಗಿ ಕುಡಿತ ನಿಲ್ಲಿಸಬೇಡಿ. ಹೀಗೆ ಹೇಳಿದ್ದಕ್ಕೆ ಬೈಯುವವರಿದ್ದಾರೆ, ಬೈಯಲಿ.

ಕೇಂದ್ರ ಆಮೇಲೆ. ಅಲ್ಲಿ ಹಾಲು, ಟಿವಿ, ಯೋಗ ಅಂತ ಕೇಳಬೇಡಿ. ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಅದನ್ನು ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದ ಚಟವೂ ಸೇರಿದೆ. ಸರಪಳಿ ಹಾಕುವಂತಿಲ್ಲ. ಮನೆಯವರನ್ನು ಭೇಟಿಯಾಗುವುದು ಒಳಗಿರುವವರ ಹಕ್ಕು. ಸ್ವಂತ ತೀರ್ಮಾನ ತೆಗೆದುಕೊಳ್ಳಲಾಗದ ಸ್ಥಿತಿಯಲ್ಲಿ ಸೇರಿಸಿದರೂ ಮೊದಲ ಸಲಕ್ಕೆ 30 ದಿನವೇ ಮಿತಿ. ಬಾಗಿಲಲ್ಲೇ ಮೂರು ತಿಂಗಳ ದುಡ್ಡು ಎಣಿಸಿಕೊಂಡು ಬರಬೇಡಿ ಅನ್ನುವ ಜಾಗಕ್ಕೆ ನಾನಾಗಿದ್ದರೆ ನಮ್ಮವರನ್ನು ಬಿಡುತ್ತಿರಲಿಲ್ಲ. "ಪೂರ್ತಿ ಸರಿ" ಅನ್ನುವ ಮಾತೇ ಸುಳ್ಳು. ಶುಗರ್ ಇದ್ದ ಹಾಗೆ ಇದು, ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಮಾತ್ರೆ, ತಪ್ಪದೆ ತೋರಿಸುವುದು ಇರುತ್ತೆ. ನಡುವೆ ಒಮ್ಮೆ ಕುಡಿದರೆ ಎಲ್ಲಾ ಮುಗೀತು ಅಂತಲ್ಲ, ಅವತ್ತೇ ಕರೆತನ್ನಿ.

ಕೊಪ್ಪಳದಿಂದ: ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಮಾತ್ರೆ ಬೆರೆಸಬಹುದಾ?

ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಮೈಯಲ್ಲಿರುವಾಗ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಕುಸಿತ, ಪ್ರಾಣಕ್ಕೇ ಅಪಾಯ. ಗೋಡೆ ಮೇಲೆ ನಂಬರ್ ಬರೆದು "ಚಟ ಬಿಡಿಸುವ ಪುಡಿ" ಮಾರುವವರ ಪೊಟ್ಟಣದಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

ಬಳ್ಳಾರಿಯಿಂದ: ಬಿಯರ್‌ಗೆ ಬದಲಾಯಿಸಿದರೆ?

ಒಂದೂವರೆ ಬಾಟಲಿ ಸ್ಟ್ರಾಂಗ್ ಬಿಯರ್ ಅಂದರೆ ಹೆಚ್ಚುಕಡಿಮೆ ಒಂದು ಕ್ವಾರ್ಟರ್ ವಿಸ್ಕಿ ಕುಡಿದಂತೆಯೇ.

ದೇವದುರ್ಗದಿಂದ: ಸೇಂದಿ ಗಿಡದ್ದಲ್ವಾ, ಅದರಿಂದ ಏನಾಗುತ್ತೆ?

ಸಿಎಚ್ ಪೌಡರ್ ಕಲಸಿದ್ದು ಗಿಡದ್ದಲ್ಲ. ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತು ಬರಿಸುವ ರಾಸಾಯನಿಕ ಅದು. ಒಮ್ಮೆಲೇ ಬಿಟ್ಟರೆ ಇದರಲ್ಲೂ ಫಿಟ್ಸ್ ಬರುತ್ತೆ, ಡಾಕ್ಟರಿಗೆ ಸೇಂದಿ ಅಂತ ಬಾಯಿಬಿಟ್ಟು ಹೇಳಿ. ದವಾಖಾನೆ ದೂರ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.